ಗಾಡಿಯೇರಿದ ಹಳೆಯ ಗಣಕ

ರೇಡಿಯೋ ಹಳೆಯದಾಗುವುದಕ್ಕೂ ಗಣಕಯಂತ್ರ ಹಳೆಯದಾಗುವುದಕ್ಕೂ ಒಂದು ವ್ಯತ್ಯಾಸವಿದೆ. ರೇಡಿಯೋಗೆ ಮುಪ್ಪು ಬಂದರೆ ವಾಲ್ವುಗಳು ಸೋಲುತ್ತವೆ, ಕಂಡೆನ್ಸರುಗಳು ಒಣಗುತ್ತವೆ, ಮುಳ್ಳನ್ನು ಎಳೆಯುವ ದಾರ ತುಂಡಾಗುತ್ತದೆ. ದೋಷವೆಲ್ಲ ಅದರ ದೇಹದಲ್ಲಿಯೇ. ಗಣಕಕ್ಕೆ ಹಾಗಲ್ಲ. ಹದಿನೈದು ಇಪ್ಪತ್ತು ವರ್ಷಗಳ ಹಿಂದಿನ ಗಣಕವನ್ನು ಅಟ್ಟದಿಂದ ಇಳಿಸಿ, ಧೂಳು ಕೊಡವಿ, ವಿದ್ಯುತ್ತು ಕೊಟ್ಟರೆ, ಬಹುಮಟ್ಟಿಗೆ ಅದು ಮೊದಲ ದಿನ ಮಾಡುತ್ತಿದ್ದುದನ್ನೆಲ್ಲ ಇಂದೂ ಮಾಡುತ್ತದೆ. ಬೆಳೆದಿರುವುದು ನಮ್ಮ ಬೇಡಿಕೆ. ಹೊಸ ಕೆಲಸಗಳ ಹೊರೆಯನ್ನು ಹೊರಲಾರದೆ ಅದು ಅಟ್ಟ ಸೇರಿತು, ಅಷ್ಟೆ.

ಹಾಗಾದರೆ ಹಳೆಯ ಹೊರೆಯನ್ನೇ ಹೊರಿಸಬಾರದೇಕೆ? ಹಾಡು ನುಡಿಸುವುದು ಅಂತಹ ಒಂದು ಹಗುರವಾದ ಕೆಲಸ. ೧೯೯೦ರ ದಶಕದ ನಡುವಿನ ಪೆಂಟಿಯಂ ಯಂತ್ರಕ್ಕೂ ಅದು ಸಾಧ್ಯ. ಈ ವಿಚಾರ ಹೊಳೆದ ಕೆಲವರು, ಮುಖ್ಯವಾಗಿ ಅಮೆರಿಕ, ಇಂಗ್ಲೆಂಡುಗಳ ಹವ್ಯಾಸಿಗಳು, ಆ ದಶಕದ ಕೊನೆಯ ವೇಳೆಗೆ ಮನೆಯ ಗಣಕವನ್ನು ಮೋಟಾರು ಗಾಡಿಯ ಡಿಕ್ಕಿಯಲ್ಲಿ ಕೂಡಿಸಿ, ಅಲ್ಲಿಂದ ಧ್ವನಿವರ್ಧಕಕ್ಕೆ ತಂತಿಯೆಳೆದು ಹಾಡು ಕೇಳಲು ತೊಡಗಿದರು. ಅವರು ಕಂಡುಕೊಂಡದ್ದನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ, ಗಾಡಿಯಲ್ಲಿ ಗಣಕದಿಂದ ಹಾಡಿಸುವುದು ಸುಲಭ. ಅದನ್ನು ನಿಲ್ಲಿಸುವುದು ಕಷ್ಟ. ಆ ಮಾತಿಗೆ ಬರುವ ಮೊದಲು ಗಾಡಿಗೂ ಸಂಗೀತಕ್ಕೂ ಇರುವ ಹಳೆಯ ನಂಟನ್ನು ಸ್ವಲ್ಪ ನೋಡಬೇಕು.

೧೯೩೦ರಲ್ಲಿ ಅಮೆರಿಕದ ಷಿಕಾಗೋ ನಗರದ ಗಾಲ್ವಿನ್ ಸೋದರರ ಕಂಪನಿ ಗಾಡಿಗೆಂದೇ ರೇಡಿಯೋ ಮಾಡಿ ಮಾರಿತು. ಅದಕ್ಕೆ ಇಟ್ಟ ಹೆಸರು ಮೋಟೊರೋಲಾ. ಮುಂದೆ ಕಂಪನಿಯ ಹೆಸರೂ ಅದೇ ಆಯಿತು. ಆಗಿನ ಗಾಡಿಗಳಲ್ಲಿ ಇದ್ದುದು ಆರು ವೋಲ್ಟಿನ ಬ್ಯಾಟರಿ. ವಾಲ್ವುಗಳಿಗೆ ಬೇಕಾದದ್ದು ನೂರಿನ ಮೇಲೆ. ಕೆಲವು ವರ್ಷಗಳಲ್ಲಿ ಇದಕ್ಕೊಂದು ಉಪಾಯ ಬಂತು. ಸಣ್ಣ ಲೋಹದ ನಾಲಗೆಯೊಂದು ಗುಂಯ್ಯೆಂದು ನಡುಗುತ್ತ ಬ್ಯಾಟರಿಯ ಪ್ರವಾಹವನ್ನು ತುಂಡು ತುಂಡಾಗಿ ಕಡಿಯುವುದು, ಟ್ರಾನ್ಸ್‌ಫಾರ್ಮರು ಅದನ್ನು ಮೇಲಕ್ಕೆ ಏರಿಸುವುದು. ವೈಬ್ರೇಟರ್ ಎಂದು ಇದರ ಹೆಸರು. ಹಳೆಯ ಬ್ಯಾಟರಿ ಸೆಟ್ಟು ಇಟ್ಟುಕೊಂಡಿದ್ದ ಮನೆಗಳಲ್ಲಿ ಆ ಗುಂಯ್ಗುಟ್ಟುವಿಕೆಯ ನೆನಪು ಇರುವವರು ಇರಬಹುದು.

ಆದರೆ ರೇಡಿಯೋ ತಾನು ಕೊಟ್ಟದ್ದನ್ನು ಕೇಳಿಸುತ್ತದೆ; ನಾವು ಬೇಡಿದ್ದನ್ನಲ್ಲ. (ರೇಡಿಯೋ ಪತ್ರಿಕೆಯಲ್ಲಿ ಈ ಮಾತು ಆಡಬಹುದೋ ಇಲ್ಲವೋ!) ಬೇಡಿದ್ದನ್ನು ಕೇಳುವ ಆಸೆಯಿಂದ ೧೯೫೬ರ ಮಾದರಿಯ ಕ್ರೈಸ್ಲರ್ ಗಾಡಿಗಳಲ್ಲಿ ಗ್ರಾಮೊಫೋನನ್ನೇ ಕೂಡಿಸಿದರು. ಲಾಂಗ್ ಪ್ಲೇ ತಟ್ಟೆಯನ್ನು ರೂಪಿಸಿದ ಪೀಟರ್ ಗೋಲ್ಡ್‌ಮಾರ್ಕ್ ಅವರದೇ ಯೋಜನೆ. ಏಳು ಅಂಗುಲದ ತಟ್ಟೆ, ನಿಮಿಷಕ್ಕೆ ಹದಿನಾರೂ ಮುಕ್ಕಾಲಿಗೆ ಸ್ವಲ್ಪ ಕಡಿಮೆ ಸುತ್ತು. ಓಡುವ ಗಾಡಿಯಲ್ಲಿ ಮುಳ್ಳು ಗೆರೆಯ ಮೇಲೆ ನಿಲ್ಲಬೇಕಲ್ಲ! ಅದೂ ಅಲ್ಲದೆ ಆ ತಟ್ಟೆಗಳನ್ನು ಬೇರೆಯಾಗಿಯೇ ಕೊಳ್ಳಬೇಕಾಗಿತ್ತು. ಕೆಲವೇ ವರ್ಷಗಳಲ್ಲಿ ಅದು ಮೂಲೆಗೆ ಸೇರಿತು. ೧೯೬೩ರಲ್ಲಿ ಫಿಲಿಪ್ಸ್ ಕಂಪನಿ ಹೊರತಂದ ಕ್ಯಾಸೆಟ್ಟು ಈ ಕುಲುಕಾಟವನ್ನು ಗೆದ್ದಿತು; ನಮ್ಮ ಲಾರಿ, ಬಸ್ಸು, ಟ್ಯಾಕ್ಸಿಗಳೆಲ್ಲ ಅದಕ್ಕೆ ಸಾಕ್ಷಿ.

ಹಾಡು ಅಂಕಿಗಳ ಸಾಲಾದ ಮೇಲೆ ಮಾತೇ ಬೇರೆಯಾಯಿತು. ಸಿ.ಡಿ. ತಟ್ಟೆಯಲ್ಲಿ ನಾದವನ್ನು ಸೆಕೆಂಡಿಗೆ ೪೪,೧೦೦ ಸಲ ಅಳೆದು ಬರೆದಿರುತ್ತಾರೆ, ಅದೂ ಎಡ ಬಲ ಎರಡಕ್ಕೂ. ನಿಮಿಷವೊಂದಕ್ಕೆ ಸುಮಾರು ೧೦ ಮೆಗಾಬೈಟು ಆಗುತ್ತದೆ. ಕಿವಿಗೆ ಹೇಗೂ ಕೇಳಿಸದ ಅಂಶಗಳನ್ನು ಬಿಟ್ಟು ಇದನ್ನು ಹತ್ತರಲ್ಲಿ ಒಂದು ಪಾಲಿಗೆ ಇಳಿಸಬಹುದೆಂದು ತೋರಿಸಿದವರಲ್ಲಿ ಜರ್ಮನಿಯ ಎರ್ಲಾಂಗೆನ್ ಊರಿನ ಕಾರ್ಲ್‌ಹೈಂಟ್ಸ್ ಬ್ರಾಂಡೆನ್‌ಬುರ್ಗ್ ಮತ್ತು ಸಂಗಡಿಗರು ಪ್ರಮುಖರು. ೧೯೯೫ರಲ್ಲಿ ಅದಕ್ಕೆ ಎಂಪಿ೩ ಎಂಬ ಅಡ್ಡಹೆಸರು ನಿಂತಿತು. ನಿಮಿಷಕ್ಕೆ ಒಂದು ಮೆಗಾಬೈಟು ಎಂದರೆ, ಆರು ಗಿಗಾಬೈಟಿನ ಸಣ್ಣ ಡಿಸ್ಕಿನಲ್ಲಿ ನೂರು ಗಂಟೆಗಳ ಸಂಗೀತ. ನೂರು ಗಂಟೆ! ರಾಮನವಮಿಯ ಕಚೇರಿಗಳನ್ನೆಲ್ಲ ಒಂದೂ ಬಿಡದೆ ತುಂಬಬಹುದು.

ಅಂಗಡಿಯಲ್ಲಿ ಇಂತಹದು ಸಿಗದಿದ್ದ ಕಾಲ ಅದು. ಆದುದರಿಂದಲೇ ಜನ ಹಳೆಯ ಗಣಕವನ್ನು ಗಾಡಿಗೆ ಏರಿಸಿದ್ದು. ೧೯೯೯ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ಜಿನಲ್ಲಿ ಹ್ಯೂಗೋ ಫೈನ್ಸ್ ಮೊದಲಾದವರು ಎಂಪೆಗ್ ಎಂಬ ಸಣ್ಣ ಕಂಪನಿಯಿಂದ, ರೇಡಿಯೋ ಕೂಡುವ ಕಿಂಡಿಯಲ್ಲೇ ಹಿಡಿಸುವ ಒಂದು ಪುಟ್ಟ ಗಣಕವನ್ನು ಮಾರಿದರು. ಒಳಗೆ ಲಿನಕ್ಸ್ ವ್ಯವಸ್ಥೆ, ಮಡಿಲ ಗಣಕದ ಡಿಸ್ಕು. ಹಾಡು ತುಂಬಬೇಕಾದರೆ ಗಾಡಿಯಿಂದ ಎಳೆದುಕೊಂಡು ಮನೆಯೊಳಕ್ಕೆ ತರಬಹುದಾಗಿತ್ತು. ಮರುವರ್ಷ ಅಮೆರಿಕದ ಸೋನಿಕ್‌ಬ್ಲೂ ಕಂಪನಿ ಅದನ್ನು ಕೊಂಡಿತು. ೨೦೦೧ರಲ್ಲಿ ತಯಾರಿಕೆ ನಿಂತೇ ಹೋಯಿತು. ಕೊಂಡವರು ಮಾತ್ರ ಬಿಡಲಿಲ್ಲ. ತಾವೇ ಡಿಸ್ಕು ಬದಲಿಸುತ್ತ, ಬೆಸುಗೆ ಹಾಕುತ್ತ ಬಹುಕಾಲ ಬಳಸಿದರು.

ಇನ್ನು ನಮ್ಮ ಅಟ್ಟದ ಗಣಕಕ್ಕೆ ಬರೋಣ. ಗಣಕದ ಒಳಗೆ ಹನ್ನೆರಡು ವೋಲ್ಟು ಬೇಕು. ಗಾಡಿಯ ಬ್ಯಾಟರಿಯೂ ಹನ್ನೆರಡೇ. ಎರಡನ್ನೂ ಜೋಡಿಸಿಬಿಟ್ಟರಾಯಿತಲ್ಲ ಎನ್ನುವವರುಂಟು. ಗಾಡಿಯ ಹನ್ನೆರಡು ಹೆಸರಿಗೆ ಮಾತ್ರ ಹನ್ನೆರಡು. ಇಂಜಿನ್ನು ಓಡುವಾಗ ಅದು ಹದಿನಾಲ್ಕರ ಸುತ್ತ ಇರುತ್ತದೆ. ಸ್ಟಾರ್ಟರು ತಿರುಗಿಸಿದ ಕ್ಷಣ ಎಂಟು ಒಂಬತ್ತಕ್ಕೆ, ಚಳಿಯ ಬೆಳಗ್ಗೆ ಇನ್ನೂ ಕೆಳಕ್ಕೆ, ಕುಸಿಯುತ್ತದೆ. ಸಾಲದುದಕ್ಕೆ ನಡುನಡುವೆ ಹತ್ತಾರು ವೋಲ್ಟುಗಳ ನೆಗೆತಗಳು. ಗಣಕವೋ, ನೂರಕ್ಕೆ ಐದು ಹೆಚ್ಚು ಕಡಿಮೆಯಾದರೂ ಸಹಿಸದ ನಾಜೂಕಿನ ಪ್ರಾಣಿ. ಆದುದರಿಂದ ಕೆಲವರು ಇನ್ವರ್ಟರು ಇಟ್ಟು ಹನ್ನೆರಡನ್ನು ಇನ್ನೂರ ಮೂವತ್ತಕ್ಕೆ ಏರಿಸಿ, ಗಣಕದ ಪೆಟ್ಟಿಗೆಯಲ್ಲಿ ಮತ್ತೆ ಹನ್ನೆರಡಕ್ಕೆ ಇಳಿಸಿಕೊಂಡರು. ಇದು ಮೈಸೂರಿನಿಂದ ಮಂಡ್ಯಕ್ಕೆ ಹೋಗಲು ಮಡಿಕೇರಿಯನ್ನು ಸುತ್ತಿದಂತೆ; ಹೋಗಿ ಸೇರುವುದೇನೋ ನಿಜ, ಆದರೆ ಬಿಸಿಯಾಗಿ ಪೋಲಾಗುವ ಶಕ್ತಿಗೆ ಲೆಕ್ಕವಿಲ್ಲ. ಆರರಿಂದ ಇಪ್ಪತ್ತನಾಲ್ಕು ವೋಲ್ಟಿನವರೆಗೆ ಏನು ಬಂದರೂ ನುಂಗಿಕೊಂಡು ಸ್ಥಿರವಾದ ಪ್ರವಾಹ ಕೊಡುವ, ಅಂಗೈಯಗಲದ ಪರಿವರ್ತಕಗಳು ಆಮೇಲೆ ಬಂದುವು. ಅದೇ ಸರಿಯಾದ ದಾರಿ.

ನನ್ನನ್ನು ಕೇಳಿದರೆ ಮೇಜಿನ ಗಣಕಕ್ಕಿಂತ ಹಳೆಯ ಮಡಿಲ ಗಣಕವೇ ಈ ಕೆಲಸಕ್ಕೆ ಲೇಸು. ಅದರ ಸ್ವಂತ ಬ್ಯಾಟರಿಗೆ ಸ್ವಲ್ಪ ಉಸಿರಿದ್ದರೂ ಸಾಕು, ಸ್ಟಾರ್ಟರಿನ ಆ ಕುಸಿತವನ್ನು ದಾಟಿಸಿಬಿಡುತ್ತದೆ. ಪರದೆ ಒಡೆದಿದ್ದರೂ ಚಿಂತೆಯಿಲ್ಲ. ಹಾಡಿಗೆ ಪರದೆ ಏಕೆ?

ಯಾವುದನ್ನು ಇಟ್ಟರೂ ಒಂದು ವಿಷಯದಲ್ಲಿ ಉದಾಸೀನ ಕೂಡದು. ಮನೆಯ ವಿದ್ಯುತ್ತಿಗೆ ಹೆದರುವವರು ಗಾಡಿಯ ಬ್ಯಾಟರಿಯನ್ನು ಮುಟ್ಟಿದರೆ ಶಾಕ್ ಹೊಡೆಯದೆಂದು ಸಲಿಗೆ ತೋರುವುದುಂಟು. ಶಾಕ್ ಹೊಡೆಯುವುದಿಲ್ಲ, ನಿಜ; ಆದರೆ ಅದು ನೂರಾರು ಆಂಪಿಯರು ಹರಿಸಬಲ್ಲುದು. ಡಿಕ್ಕಿಗೆ ಎಳೆದ ತಂತಿ ಎಲ್ಲೋ ತಗಡಿನ ಅಂಚಿಗೆ ಉಜ್ಜಿ ಸುಲಿದರೆ, ಕ್ಷಣದಲ್ಲಿ ಕೆಂಪಗೆ ಕಾದು ಗಾಡಿಗೆ ಬೆಂಕಿ ಹಿಡಿಸುತ್ತದೆ. ಫ್ಯೂಸು ಇರಬೇಕಾದದ್ದು ಗಣಕದ ಬಳಿಯಲ್ಲಲ್ಲ, ಬ್ಯಾಟರಿಯ ಬಳಿ, ಗೇಣುದ್ದದೊಳಗೆ. ಹಾಗೆಯೇ ಗಣಕವನ್ನು ಬೋಲ್ಟು ಹಾಕಿ ಬಿಗಿಯಬೇಕು. ಗಂಟೆಗೆ ಐವತ್ತು ಕಿಲೋಮೀಟರು ವೇಗದಲ್ಲಿ ಗಾಡಿ ಗೋಡೆಗೆ ಬಡಿದರೆ, ಕಟ್ಟದೆ ಇಟ್ಟ ಐದು ಕಿಲೋ ಪೆಟ್ಟಿಗೆ ಮುಂದೆ ಕುಳಿತವರಿಗೆ ತಗಲುವ ಏಟು ಮೂರನೆಯ ಅಂತಸ್ತಿನಿಂದ ಬಿದ್ದ ಪೆಟ್ಟಿಗೆಯ ಏಟೇ.

ಈಗ ನಿಲ್ಲಿಸುವ ಮಾತು. ರೇಡಿಯೋದ ಗುಬುಟು ತಿರುಗಿಸಿದಿರಿ, ನಿಂತಿತು, ಅದಕ್ಕೇನೂ ನೋವಿಲ್ಲ. ಗಣಕ ಹಾಗಲ್ಲ. ಅದು ಯಾವಾಗಲೂ ತನ್ನ ಡಿಸ್ಕಿನ ಮೇಲೆ ಏನನ್ನಾದರೂ ಬರೆದುಕೊಳ್ಳುತ್ತಿರುತ್ತದೆ. ಲೆಕ್ಕ ಬರೆಯುತ್ತಿರುವ ಶಾನುಭೋಗರ ಕೈಯಿಂದ ಖಾತೆ ಪುಸ್ತಕವನ್ನು ಕಿತ್ತುಕೊಂಡಂತೆ ವಿದ್ಯುತ್ತನ್ನು ಕಿತ್ತರೆ, ಯಾವ ಹಾಡು ಎಲ್ಲಿದೆ ಎಂಬ ಪಟ್ಟಿಯೇ ಕೆಡಬಹುದು. ಗಾಡಿಯಲ್ಲಿ ಕೀಲಿ ತಿರುಗಿಸಿ ಇಳಿದು ಹೋಗುವವನಿಗೆ ಇದರ ಪರಿವೆ ಎಲ್ಲಿ? ದಿನಕ್ಕೆ ನಾಲ್ಕು ಸಲ ಕೀಲಿ ತಿರುಗಿಸಿದರೆ ನಾಲ್ಕು ಸಲ ಕಿತ್ತಂತಾಯಿತು.

ಹಾಗಾದರೆ ನಿಲ್ಲಿಸದೆ ನಿದ್ದೆ ಮಾಡಿಸೋಣವೆಂದರೆ, ನಿದ್ದೆಯಲ್ಲೂ ಅದಕ್ಕೆ ಹಸಿವು. ಹತ್ತರಲ್ಲಿ ನಾಲ್ಕು ಆಂಪಿಯರು ಕುಡಿದರೂ ದಿನಕ್ಕೆ ಒಂಬತ್ತೂವರೆ ಆಂಪಿಯರ್-ಗಂಟೆ. ಸಣ್ಣ ಗಾಡಿಯ ಬ್ಯಾಟರಿ ಮೂವತ್ತೈದರದು. ಶುಕ್ರವಾರ ರಾತ್ರಿ ನಿಲ್ಲಿಸಿದ ಗಾಡಿ ಸೋಮವಾರ ಬೆಳಗ್ಗೆ ನೂಕಿದರಷ್ಟೇ ಹೊರಡೀತು. ಹಾಡಿನ ಆಸೆಗೆ ಆಸ್ಪತ್ರೆಗೆ ಹೋಗಬೇಕಾದ ರಾತ್ರಿ ಗಾಡಿ ಹೊರಡದಿದ್ದರೆ ಆ ಹಾಡಿಗೆ ಏನು ಬೆಲೆ?

ಹವ್ಯಾಸಿಗಳು ಕಂಡುಕೊಂಡ ಒಂದು ಹಾದಿ ಹೀಗೆ: ಕೀಲಿ ತಿರುಗಿದ ಸುದ್ದಿ ಒಂದು ತಂತಿಯ ಮೂಲಕ ಗಣಕಕ್ಕೆ ತಲುಪುತ್ತದೆ, ಅದು ತನ್ನ ಲೆಕ್ಕ ಮುಗಿಸಿ ಕಣ್ಣು ಮುಚ್ಚುತ್ತದೆ, ಒಂದೆರಡು ನಿಮಿಷಗಳ ಅನಂತರ ಕಾಲಮಾಪಕವೊಂದು ಬ್ಯಾಟರಿಯ ತಂತಿಯನ್ನೇ ಪೂರ್ತಿಯಾಗಿ ಕಡಿಯುತ್ತದೆ. ಒಳ್ಳೆಯ ಪರಿವರ್ತಕಗಳಲ್ಲಿ ಈ ಏರ್ಪಾಡು ಕೂಡಿಯೇ ಇರುತ್ತದೆ. ಇನ್ನೊಂದು ಹಾದಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು. ಗಾಡಿಯಲ್ಲಿರುವಾಗ ಡಿಸ್ಕಿನ ಮೇಲೆ ಏನನ್ನೂ ಬರೆಯಕೂಡದೆಂದು ಗಣಕಕ್ಕೆ ವಿಧಿಸಿಬಿಡುವುದು, ಓದು, ಬರೆಯಬೇಡ. ಲಿನಕ್ಸಿನಲ್ಲಿ ಇದು ಸಾಧ್ಯ. ಬರೆಯದ ಶಾನುಭೋಗರ ಪುಸ್ತಕವನ್ನು ಯಾವಾಗ ಕಿತ್ತರೇನು? ದೀಪ ಆರಿಸಿದಂತೆ ಆರಿಸಬಹುದು. ಹೊಸ ಹಾಡು ತುಂಬುವ ದಿನ ಮಾತ್ರ ಕಟ್ಟು ಸಡಿಲಿಸಿದರಾಯಿತು.

ಡಿಸ್ಕು ಎಂದೆ. ಅದರ ಓದುವ ತಲೆ ತಟ್ಟೆಯನ್ನು ಮುಟ್ಟದೆ, ಕೂದಲಿನ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ ಎತ್ತರದಲ್ಲಿ ತೇಲುತ್ತಿರುತ್ತದೆ. ಚಾರ್ಮಾಡಿ ಘಾಟಿಯ ಮಳೆಗಾಲದ ಹೊಂಡಗಳಲ್ಲಿ ಅದರ ಗತಿ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ. ಕಲಬುರಗಿಯ ಬೇಸಗೆಯಲ್ಲಿ ಬಿಸಿಲಿಗೆ ನಿಂತ ಗಾಡಿಯ ಒಳಗೆ ಅರುವತ್ತು ಡಿಗ್ರಿ ದಾಟಬಹುದು. ಬಹುಪಾಲು ಡಿಸ್ಕುಗಳು ಕೆಲಸ ಮಾಡಲು ಒಪ್ಪಿರುವುದು ಐವತ್ತೈದರವರೆಗೆ. ಛಾಯಾಚಿತ್ರದ ಯಂತ್ರಗಳಲ್ಲಿ ಬಳಸುತ್ತಿದ್ದ ಕಾಂಪ್ಯಾಕ್ಟ್ ಫ್ಲಾಶ್ ಎಂಬ ಜ್ಞಾಪಕ ಬಿಲ್ಲೆಯನ್ನು ಒಂದು ಸರಳ ಜೋಡಣೆಯಿಂದ ಹಳೆಯ ಡಿಸ್ಕಿನ ಜಾಗಕ್ಕೇ ಸಿಕ್ಕಿಸಬಹುದು. ಅದರಲ್ಲಿ ತಿರುಗುವ ಭಾಗವೇ ಇಲ್ಲ. ಗಣಕವನ್ನು ಗಾಜಿನ ಬುಡದಲ್ಲಿ ಇಡದೆ ಪೀಠದ ಕೆಳಗಿನ ನೆರಳಿನಲ್ಲಿಡಿ.

ಇಷ್ಟೆಲ್ಲ ಆದ ಮೇಲೆ ಹಾಡು ಹಚ್ಚಿದರೆ, ವೀಣೆಯ ಹಿಂದೆ ಸೊಳ್ಳೆಯೊಂದು ಶ್ರುತಿ ಹಿಡಿದಂತೆ ಕೀರಲು ಸದ್ದು. ಇಂಜಿನ್ನಿನ ವೇಗ ಹೆಚ್ಚಿದಂತೆ ಅದರ ಶ್ರುತಿಯೂ ಏರುತ್ತದೆ. ಗಣಕವನ್ನೂ ಧ್ವನಿವರ್ಧಕವನ್ನೂ ಗಾಡಿಯ ಮೈಗೆ ಬೇರೆ ಬೇರೆ ಕಡೆ ಅರ್ತ್ ಮಾಡಿದುದರ ಫಲ ಇದು. ಎರಡನ್ನೂ ಒಂದೇ ಬೋಲ್ಟಿಗೆ ತನ್ನಿ. ಅದಕ್ಕೂ ಹೋಗದಿದ್ದರೆ ನಡುವೆ ಒಂದು ಸಣ್ಣ ಟ್ರಾನ್ಸ್‌ಫಾರ್ಮರು.

ಹಾಡನ್ನು ಆರಿಸುವುದು ಹೇಗೆ? ಮುಂದೆ ಪರದೆಯಿಟ್ಟು ಹೆಸರು ಹುಡುಕುವುದು ನನಗೆ ಸಮ್ಮತವಲ್ಲ. ಗಂಟೆಗೆ ಅರುವತ್ತು ಕಿಲೋಮೀಟರೆಂದರೆ ಸೆಕೆಂಡಿಗೆ ಹದಿನೇಳು ಮೀಟರು. ಎರಡು ಸೆಕೆಂಡು ಕಣ್ಣು ಪರದೆಯ ಮೇಲಿದ್ದರೆ ಮೂವತ್ತಮೂರು ಮೀಟರು ಕುರುಡರಾಗಿ ಓಡಿಸಿದಂತೆ. ಅಂಕಿಗಳ ಸಣ್ಣ ಗುಂಡಿಮಣೆಯೊಂದನ್ನು ಕೈಗೆಟಕುವಂತೆ ಇಟ್ಟು, ಒಂದಕ್ಕೆ ದೇವರನಾಮ, ಎರಡಕ್ಕೆ ಭಾವಗೀತೆ, ಮೂರಕ್ಕೆ ಕೊಳಲು ಎಂದು ಗೊತ್ತುಮಾಡಿಕೊಂಡರೆ ಬೆರಳೇ ನೋಡುತ್ತದೆ. ಹೆಸರು ಕಾಣಲೇಬೇಕೆನ್ನುವವರು ಎರಡು ಸಾಲಿನ ಸಣ್ಣ ಫಲಕ ಇಡುವುದುಂಟು. ಅದರ ಸಾಮಾನ್ಯ ಮಾದರಿಗಳಿಗೆ ಇಂಗ್ಲಿಷ್ ಬರುತ್ತದೆ, ಜಪಾನೀ ಅಕ್ಷರವೂ ಬರುತ್ತದೆ; ಕನ್ನಡ ಬಾರದು. ದಾಸರ ಪದಗಳಿಗೂ ಇಂಗ್ಲಿಷ್ ಅಕ್ಷರ ತೊಡಿಸಬೇಕು. ಇನ್ನು, ಮನಸ್ಸಿಗೆ ಬಂದಂತೆ ನುಡಿಸು ಎಂದು ಗಣಕಕ್ಕೆ ಸ್ವಾತಂತ್ರ್ಯ ಕೊಟ್ಟಿರೋ, ಮೊದಲು ಮಂಗಳ, ಆಮೇಲೆ ತನಿ ಆವರ್ತನ, ಕಡೆಗೆ ವರ್ಣ! ಕಚೇರಿಗಳನ್ನು ಕ್ರಮಸಂಖ್ಯೆ ಹಾಕಿಯೇ ತುಂಬಬೇಕು.

ಇಂದು ಕಿಸೆಯ ದೂರವಾಣಿಯೇ ಇದನ್ನೆಲ್ಲ ಮಾಡುತ್ತದೆಯಲ್ಲ ಎಂದರೆ, ಮಾಡುತ್ತದೆ. ಹಾಡು ಮಾತ್ರ ಬೇಕಾದವರಿಗೆ ಅದೇ ಸಾಕು. ಹೊಸ ಗಾಡಿಯ ತಂತಿಗಳನ್ನಂತೂ ಕತ್ತರಿಸಲೇಬೇಡಿ. ಅವುಗಳಲ್ಲಿ ಬ್ರೇಕಿಗೂ ಗಾಳಿಚೀಲಕ್ಕೂ ಸಂಬಂಧಪಟ್ಟವು ಇರುತ್ತವೆ. ಹಳೆಯ ಗಾಡಿ, ಹಳೆಯ ಗಣಕ, ಮನೆಯಲ್ಲಿ ಬೆಸುಗೆಯ ಕಡ್ಡಿ ಹಿಡಿಯಬಲ್ಲ ಹುಡುಗ ಅಥವಾ ಹುಡುಗಿ, ಈ ಮೂರೂ ಇದ್ದಲ್ಲಿ ಮಾತ್ರ ಕೈಹಾಕಬಹುದು. ಆಗಲೂ ನೇರವಾಗಿ ಗಾಡಿಗೆ ಏರಿಸಬೇಡಿ. ಜಗಲಿಯ ಮೇಲೆ ಬೇರೊಂದು ಹನ್ನೆರಡು ವೋಲ್ಟಿನ ಬ್ಯಾಟರಿಗೆ ಫ್ಯೂಸಿನೊಡನೆ ಜೋಡಿಸಿ ಒಂದು ವಾರ ಹಾಡಿಸಿ. ದಿನಕ್ಕೆ ಹತ್ತು ಸಲ, ಹಾಡಿನ ನಡುವೆಯೇ, ತಂತಿಯನ್ನು ಕಿತ್ತು ನೋಡಿ. ವಾರದ ಕೊನೆಗೂ ಅದು ತಕರಾರಿಲ್ಲದೆ ಏಳುತ್ತಿದ್ದರೆ, ಆಗ ಪೀಠದ ಕೆಳಗೆ ಜಾಗ ಅಳೆಯಬಹುದು.