ಸವೆತದ ಹಿಂದಿನ ಅಳತೆ

ಕಡೂರು, ತರೀಕೆರೆ, ಅಜ್ಜಂಪುರದ ಹಿರಿಯರಿಗೆ ಉಗಿಬಂಡಿಯ ಸಿಳ್ಳೆ ಇನ್ನೂ ನೆನಪಿದ್ದೀತು. ಒಂದು ಕಾಲದಲ್ಲಿ ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಕಿರಿದಾದ ಹಳಿಯ ಪುಟ್ಟ ರೈಲೂ ಇತ್ತು. ಹಳೆಯ ಉಗಿ ಎಂಜಿನ್ನುಗಳನ್ನು ಇಂದು ಮೈಸೂರಿನಲ್ಲಿ, 1979ರಲ್ಲಿ ಆರಂಭವಾದ ರೈಲು ವಸ್ತುಸಂಗ್ರಹಾಲಯದಲ್ಲಿ ನೋಡಬಹುದು.

ಇಂಥ ಎಂಜಿನ್ನನ್ನು ದುರಸ್ತಿ ಮಾಡಹೊರಟರೆ ಅದರ ಬಿಡಿಭಾಗ ಅಂಗಡಿಯಲ್ಲಿ ಸಿಗದು. ಗುಜರಿಯಲ್ಲಿ ಹುಡುಕಬೇಕು. ನಿಂತುಹೋದ ಇನ್ನೊಂದು ಎಂಜಿನ್ನಿನಿಂದ ಬಿಚ್ಚಿ ತರಬೇಕು. ಎಲ್ಲೂ ಸಿಗದಿದ್ದರೆ, ಸವೆದ ತುಂಡನ್ನೇ ನೋಡಿ ಹೊಸದನ್ನು ಎರಕ ಹೊಯ್ಯಬೇಕು.

ಇಲ್ಲೊಂದು ಸೂಕ್ಷ್ಮವಿದೆ. ಸವೆದ ತುಂಡನ್ನು ಇದ್ದಂತೆಯೇ ನಕಲು ಮಾಡಿದರೆ ಸವೆತವೂ ನಕಲಾಗುತ್ತದೆ. ಆದ್ದರಿಂದ ಬಲ್ಲ ಕೆಲಸಗಾರ ಉಜ್ಜಾಟ ತಾಗದ ಅಂಚನ್ನು ಹುಡುಕುತ್ತಾನೆ. ಅಲ್ಲಿ ಮೂಲ ಅಳತೆ ಸಿಗುತ್ತದೆ. ಎರಕದ ಕಬ್ಬಿಣ ತಣಿಯುವಾಗ ನೂರಕ್ಕೆ ಸುಮಾರು ಒಂದರಷ್ಟು ಕುಗ್ಗುತ್ತದೆ. ಹಾಗಾಗಿ ಎರಕದ ಅಚ್ಚಿಗೆ ಬೇಕಾದ ಮರದ ಮಾದರಿಯನ್ನು ಅಷ್ಟು ದೊಡ್ಡದಾಗಿಯೇ ಕೆತ್ತುತ್ತಾನೆ.

ಹಿರಿಯರಿಂದ ನಾವು ಕಲಿಯುವುದೂ ಹೀಗೆಯೇ ಇರಲಿ. ದಣಿವು, ಮುನಿಸು, ಕಹಿ, ಇವು ಬದುಕು ತಂದ ಸವೆತ. ಅದರಾಚೆ ಅವರ ಶ್ರದ್ಧೆ, ಪ್ರಾಮಾಣಿಕತೆ ಇನ್ನೂ ಉಳಿದಿರುತ್ತವೆ. ಅವನ್ನು ಹುಡುಕಿ ತೆಗೆದುಕೊಳ್ಳೋಣ. ಮಕ್ಕಳಿಗೆ ದಾಟಿಸುವಾಗ ಕೊಂಚ ಹೆಚ್ಚೇ ಕೊಡೋಣ. ಕಾಲ ಅಷ್ಟಿಷ್ಟು ಕುಗ್ಗಿಸಿದರೂ ಅವರಿಗೆ ಬೇಕಾದಷ್ಟು ಉಳಿಯಲಿ.