ಹೂವಿನ ಬುಡದಾಗಿನ ಡಬ್ಬಿ

ಇವತ್ತು ನಾನು ಒಂದು ಆಟದ ವಿಷಯ ಹೇಳಬೇಕೆಂದಿದ್ದೇನೆ. ಅದರ ಹೆಸರು ಜಿಯೋಕ್ಯಾಶಿಂಗ್. ನಮ್ಮ ಮಾತಿನಲ್ಲಿ ಡಬ್ಬಿ ಹುಡುಕುವ ಆಟ ಎನ್ನೋಣ. ಒಬ್ಬರು ಎಲ್ಲಿಯೋ ಒಂದು ಡಬ್ಬಿಯನ್ನು ಮರೆಮಾಡಿ ಇಟ್ಟು, ಆ ಜಾಗದ ಅಕ್ಷಾಂಶ ರೇಖಾಂಶಗಳನ್ನು ಎಲ್ಲರಿಗೂ ತಿಳಿಸುತ್ತಾರೆ. ಉಳಿದವರು ಮೊಬೈಲ್ ಹಿಡಿದು ಹುಡುಕುತ್ತ ಬರುತ್ತಾರೆ. ಡಬ್ಬಿಯೊಳಗೆ ಸಣ್ಣದೊಂದು ವಹಿ. ಸಿಕ್ಕವರು ಅದರಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲಿಯೇ ಇಟ್ಟು ಹೋಗಬೇಕು. ಆಟಿಗೆ, ನಾಣ್ಯ ಏನಾದರೂ ಇದ್ದರೆ ತೆಗೆದುಕೊಳ್ಳಬಹುದು; ಅಷ್ಟೇ ಬೆಲೆಯದನ್ನು ತಿರುಗಿ ಹಾಕಬೇಕು. ನಿಧಿಯ ಆಸೆಗೆ ಹಾಳುಗುಡಿಯ ಕಟ್ಟೆ ಕಿತ್ತವರ ಕಥೆ ನಮಗೇನು ಹೊಸದಲ್ಲ. ಈ ಆಟದಲ್ಲಿ ಮಾತ್ರ ಗುದ್ದಲಿಗೆ ಕೆಲಸವಿಲ್ಲ. ನೆಲ ಅಗೆದು ಡಬ್ಬಿ ಹೂಳಬಾರದು ಎಂಬುದೇ ಅದರ ಮುಖ್ಯ ನಿಯಮಗಳಲ್ಲೊಂದು.

ಇದು ಶುರುವಾದದ್ದು ೨೦೦೦ದ ಮೇ ತಿಂಗಳಲ್ಲಿ. ಅಲ್ಲಿಯವರೆಗೆ ಅಮೆರಿಕದ ಸರಕಾರ ತನ್ನ ಉಪಗ್ರಹಗಳ ಸಂಕೇತವನ್ನು ಜನಸಾಮಾನ್ಯರಿಗೆ ಬೇಕೆಂತಲೇ ಮಸುಕು ಮಾಡಿ ಕೊಡುತ್ತಿತ್ತು. ಲೆಕ್ಕ ನೂರು ಮೀಟರಿನವರೆಗೂ ತಪ್ಪುತ್ತಿತ್ತು. ಆ ತಿಂಗಳ ಮೊದಲಲ್ಲಿ ಮಸುಕು ತೆಗೆದರು. ಮೇ ೩ರಂದು ಡೇವ್ ಅಲ್ಮರ್ ಎಂಬವರು ಆರೆಗಾನ್ ರಾಜ್ಯದ ಕಾಡಿನಲ್ಲಿ ಒಂದು ಕರಿ ಬಕೆಟ್ಟು ಇಟ್ಟು ಅದರ ಅಂಕಿಗಳನ್ನು ಪ್ರಕಟಿಸಿದರು. ಈಗ ಲೋಕದ ತುಂಬ ಇಂಥ ಡಬ್ಬಿಗಳು ಮೂವತ್ತು ಲಕ್ಷಕ್ಕೂ ಮಿಕ್ಕಿ ಇವೆ.

ನಮ್ಮ ಜತ್ತ ತಾಲೂಕಿಗೂ ಈ ಆಟ ಬಂತೆನ್ನಿ. ಛಟ್ಟಿ ಅಮಾವಾಸ್ಯೆಗೆ ದಾನಮ್ಮದೇವಿಯ ದರ್ಶನಕ್ಕೆಂದು ಗುಡ್ಡಾಪುರಕ್ಕೆ ಜನ ನಡೆದು ಬರುವ ದಾರಿಗಳಿವೆಯಲ್ಲ, ಅಂಥ ದಾರಿಯ ಮಗ್ಗುಲಿಗೆ ಒಬ್ಬ ಹುಡುಗ ಒಂದು ಸ್ಟೀಲಿನ ಡಬ್ಬಿ ಇಡುತ್ತಾನೆ. ಬರೀ ಕಲ್ಲಿನ ಪಡದಾಗ ಇಟ್ಟರೆ ಚೆಂದವಿಲ್ಲ, ಹೂವಿನ ಹತ್ತಿರ ಇಡೋಣ ಎಂದು ಅವನಿಗೆ ಅನ್ನಿಸುವುದು ಸಹಜ. ಪಡದಲ್ಲಿ ಹೂ ಎಲ್ಲಿ ಎಂದು ಕೇಳುವವರು ಮಳೆ ಬಿದ್ದ ನಾಲ್ಕು ವಾರ ಬಿಟ್ಟು ಅಲ್ಲಿ ಹೋಗಿ ನೋಡಬೇಕು. ಮರಾಠಿಯವರು ತರವಡ ಎನ್ನುವ ನಮ್ಮ ತಂಗಡಿ ಹಳದಿ ಹೊತ್ತು ನಿಂತಿರುತ್ತದೆ. ಅದರ ತೊಗಟೆಯಲ್ಲಿ ಹಿಂದೆ ತೊಗಲು ಹದ ಮಾಡುತ್ತಿದ್ದರು. ನೆಲಕ್ಕೆ ಹತ್ತಿ ವಿಷ್ಣುಕ್ರಾಂತಿ, ಅದರ ನಡುನಡುವೆ ಬಿಳಿ ತುಂಬಿ. ಬೇಲಿಯ ಮೇಲೆ ಗೌರಿ ಹೂ, ಮರಾಠಿಯ ಕಳಲಾವಿ. ಅದು ಎಲೆಯ ತುದಿಯನ್ನೇ ಬಳ್ಳಿಯ ಬೆರಳಿನಂತೆ ಸುತ್ತಿ ಮೇಲೇರುತ್ತದೆ. ಹಳದಿಯಾಗಿ ಬಿರಿದು ಕೆಂಪಿಗೆ ತಿರುಗುತ್ತದೆ. ಗೆಡ್ಡೆ ವಿಷ. ಆದರೂ ಔಷಧಕ್ಕೆಂದು ಅಗೆದು ಒಯ್ಯುವವರಿದ್ದಾರೆ. ಕುರಿ ಮೇಯಿಸುವ ಮಾಡಗ್ಯಾಳದ ಕಡೆಯ ಹಿರಿಯರನ್ನು ಕೇಳಿದರೆ ನಾನು ಹೇಳಿದ್ದಕ್ಕಿಂತ ನಾಲ್ಕು ಪಟ್ಟು ಹೆಸರು ಹೇಳಿಯಾರು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಈ ಆಟದಲ್ಲಿ ಜಾಗವನ್ನು ಅಕ್ಷಾಂಶದ ಒಂದು ನಿಮಿಷದ ಸಾವಿರದ ಒಂದು ಪಾಲಿನವರೆಗೆ ಬರೆಯುತ್ತಾರೆ. ಅದು ನೆಲದ ಮೇಲೆ ಎರಡು ಮೀಟರಿಗೂ ತುಸು ಕಡಿಮೆ. ಬರೆಯುವುದು ಅಷ್ಟು ಸೂಕ್ಷ್ಮ. ಆದರೆ ಕೈಯಲ್ಲಿರುವ ಮೊಬೈಲು ಬಯಲಿನಲ್ಲೂ ಐದು ಮೀಟರು ಅತ್ತಿತ್ತ ತೋರಿಸುವುದುಂಟು. ಐದು ಮೀಟರ್ ತ್ರಿಜ್ಯದ ವರ್ತುಲವೆಂದರೆ ಸುಮಾರು ೭೮ ಚದರ ಮೀಟರು, ನಮ್ಮ ಲೆಕ್ಕದಲ್ಲಿ ಮುಕ್ಕಾಲು ಗುಂಟೆ. ಉಪಗ್ರಹ ನಿಮ್ಮನ್ನು ಆ ಮುಕ್ಕಾಲು ಗುಂಟೆಯ ಅಂಚಿಗೆ ತಂದು ಕೈಬಿಡುತ್ತದೆ. ಮುಂದಿನದು ಕಾಲಿನ ಕೆಲಸ, ಕೈಯ ಕೆಲಸ. ಪೊದೆ ಸರಿಸುವುದು, ಕಲ್ಲು ಎಬ್ಬಿಸುವುದು. (ಕಲ್ಲಿನ ಕೆಳಗೆ ಚೇಳು ಇರುತ್ತದೆಂದು ಆರೆಗಾನದವರಿಗೆ ಯಾರು ಹೇಳಬೇಕು!) ಹತ್ತು ಜನ ಬಂದರೆ ಆ ತುಂಬಿ, ಆ ವಿಷ್ಣುಕ್ರಾಂತಿ ಬೀಜ ಕಟ್ಟುವ ಮೊದಲೇ ಮಣ್ಣಾಗುತ್ತವೆ. ಯಾವುದನ್ನು ತೋರಿಸಬೇಕೆಂದು ಡಬ್ಬಿ ಇಟ್ಟರೋ ಅದನ್ನೇ ತುಳಿಸಿದಂತಾಯಿತು.

ಇನ್ನೊಂದು ಕಾಟವೂ ಇದೆ. ಬಂದವರ ಬೂಟಿನ ಮಣ್ಣಿನಲ್ಲಿ ಕಾಂಗ್ರೆಸ್ ಕಸದ ಬೀಜ ಬರುತ್ತದೆ. ಮರಾಠಿಯಲ್ಲಿ ಗಾಜರ ಗವತ ಎನ್ನುವ ಈ ಅಮೆರಿಕದ ಕಸ ೧೯೫೦ರ ದಶಕದಲ್ಲಿ ಪುಣೆಯಲ್ಲಿ ಕಣ್ಣಿಗೆ ಬಿತ್ತು. ಈಗ ಯಾವ ಬದುವಿನಲ್ಲಿ ಇಲ್ಲ ಹೇಳಿ? ಕಲಕಿದ ನೆಲ ಸಿಕ್ಕರೆ ಅದಕ್ಕೆ ಹಬ್ಬ.

ಜನದ ಕಾಲು ಹೂವಿಗೆ ಏನು ಮಾಡುತ್ತದೆ ಎಂಬುದಕ್ಕೆ ಸಾತಾರದ ಹತ್ತಿರದ ಕಾಸ ಪಠಾರವನ್ನು ನೋಡಬಹುದು. ೨೦೧೨ರಲ್ಲಿ ಪಶ್ಚಿಮ ಘಟ್ಟದ ಭಾಗವಾಗಿ ಅದು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಹೂವಿನ ದಿನಗಳಲ್ಲಿ ದಂಡು ದಂಡಾಗಿ ಜನ ಬರತೊಡಗಿ, ಶುಲ್ಕ, ಮುಂಗಡ ಬುಕಿಂಗ್, ದಿನಕ್ಕೆ ಇಷ್ಟೇ ಜನ ಎಂಬ ಕಟ್ಟು ಹಾಕಬೇಕಾಯಿತು. ನಮ್ಮ ಪಡಕ್ಕೆ ಯಾವ ಪಟ್ಟಿಯೂ ಇಲ್ಲ, ಕಾವಲುಗಾರನೂ ಇಲ್ಲ. ದಾಖಲೆಯಲ್ಲಿ ಅದು ಗಾಯರಾಣ, ಬಾಯಿಮಾತಿನಲ್ಲಿ ಹಾಳು ಭೂಮಿ.

ಹಾಗಾದರೆ ಹುಡುಗರಿಗೆ ಬೇಡ ಎನ್ನಬೇಕೆ? ನಾನು ಎನ್ನುವುದಿಲ್ಲ. ಮೊಬೈಲಿನಲ್ಲಿ ಮುಖ ಹುಗಿದು ಕೂತವನು ಅದೇ ಮೊಬೈಲು ಹಿಡಿದು ಎರಡು ಮೈಲು ನಡೆದರೆ ಒಳ್ಳೆಯದೇ. ಡಬ್ಬಿಯನ್ನು ಹೂವಿನಿಂದ ದೂರ, ತುಳಿದು ಗಟ್ಟಿಯಾದ ನೆಲದಲ್ಲಿ ಇಡಲಿ: ಮೈಲುಗಲ್ಲಿನ ಹಿಂದೆ, ಅರವಟ್ಟಿಗೆಯ ಕಟ್ಟೆಯ ಮೇಲೆ. ಹೊಲದ ಒಡೆಯರನ್ನು ಕೇಳಿ ಇಡಬೇಕು. ಗಾಯರಾಣವಾದರೆ ಗ್ರಾಮ ಪಂಚಾಯತಿಗೆ ತಿಳಿಸಬೇಕು. ಇಲ್ಲವಾದರೆ ವಾರಸುದಾರರಿಲ್ಲದ ಡಬ್ಬಿ ನೋಡಿ ಯಾರೋ ಪೋಲೀಸರಿಗೆ ಫೋನು ಮಾಡುತ್ತಾರೆ, ಅದರಲ್ಲಿ ತಪ್ಪೂ ಇಲ್ಲ.

ಡಬ್ಬಿಯೇ ಇಲ್ಲದ ಬಗೆಯೂ ಒಂದಿದೆ. ಅಮೆರಿಕದ ಭೂವಿಜ್ಞಾನಿಗಳ ಸಂಘ ೨೦೦೪ರಲ್ಲಿ ಅರ್ಥ್‌ಕ್ಯಾಶ್ ಎಂಬುದನ್ನು ತಂದಿತು. ಅಲ್ಲಿಗೆ ಹೋದವರು ಕಲ್ಲು ಮಣ್ಣನ್ನು ನೋಡಿ ಪ್ರಶ್ನೆಗೆ ಉತ್ತರ ಬರೆದು ಕಳಿಸಬೇಕು, ಅಷ್ಟೇ. ಅದೇ ರೀತಿ ಹೂವಿಗೆ ನಮ್ಮ ಶಾಲೆಯ ಮಾಸ್ತರರು ಪ್ರಶ್ನೆ ಮಾಡಬಹುದು, ಕನ್ನಡದಲ್ಲೊಂದು ಮರಾಠಿಯಲ್ಲೊಂದು. ದಾರಿಯ ಮೇಲೆ ನಿಂತು, ಒಳಗೆ ಕಾಲಿಡದೆ, ಉತ್ತರ ಕೊಡುವಂಥವು. ಗೌರಿ ಹೂವಿಗೆ ಎಸಳೆಷ್ಟು? ತಂಗಡಿಗೆ ಎಷ್ಟು? ಇವತ್ತು ಅದರ ಮೇಲೆ ಯಾವ ಚಿಟ್ಟೆ ಕೂತಿತ್ತು? ಜತ್ತ ಊರಿನ ಅಂಕಿ ಸುಮಾರಾಗಿ ಉತ್ತರಕ್ಕೆ ೧೭ ಡಿಗ್ರಿ ೩ ನಿಮಿಷ, ಪೂರ್ವಕ್ಕೆ ೭೫ ಡಿಗ್ರಿ ೧೩ ನಿಮಿಷ. ನಿಮ್ಮ ನಿಮ್ಮ ಊರಿನದನ್ನು ಮಕ್ಕಳ ಕೈಲಿ ತೆಗೆಸಿ ಬರೆದಿಡಿ, ಮೃಗಶಿರಾ ಮಳೆ ಬಿದ್ದ ಮೇಲೆ ಬೇಕಾದೀತು.