ಬೆಳಗಿನ ಸಕ್ಕರೆಯೂ ತಕ್ಕಡಿಯ ಮುಳ್ಳೂ

(ಜಾತ್ರೋತ್ಸವದ ಅಂಗವಾಗಿ ಜರಗಿದ ಸಭೆಯಲ್ಲಿ ನೀಡಿದ ಉಪನ್ಯಾಸದ ಪಠ್ಯ)



ಅನ್ನಸಂತರ್ಪಣೆ ಮುಗಿದು ಎಲೆ ಎತ್ತುವ ಹೊತ್ತಿಗೆ ಸಕ್ಕರೆ ಕಾಯಿಲೆಯ ಮಾತು ತೆಗೆಯುವುದು ಅಷ್ಟು ಮರ್ಯಾದೆಯಲ್ಲ. ಆದರೂ ಪಂಕ್ತಿಯಲ್ಲಿ ಬಡಿಸಿದವರಿಗೆ ಒಂದು ಸಂಗತಿ ಕಣ್ಣಿಗೆ ಬಿದ್ದಿರಬೇಕು. ಮೊದಲು ಕುಚ್ಚಿಲಕ್ಕಿ ಅನ್ನವನ್ನು ಎರಡೆರಡು ಬಾರಿ ಹಾಕಿಸಿಕೊಳ್ಳುತ್ತಿದ್ದವರಲ್ಲಿ ಕೆಲವರು ಈಗ ಅನ್ನ ಬರುವಾಗ ಎಲೆಗೆ ಅಂಗೈ ಅಡ್ಡ ಹಿಡಿಯುತ್ತಾರೆ. ಪಲ್ಯಕ್ಕೂ ತುಪ್ಪಕ್ಕೂ ಮಾತ್ರ ಕೈ ತೆಗೆಯುತ್ತಾರೆ. ಕೇಳಿದರೆ ‘ಕೀಟೋ’ ಎನ್ನುತ್ತಾರೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ 10 ಕೋಟಿಗೂ ಮಿಕ್ಕಿದೆ. ಹೀಗಿರುವಾಗ ಜನ ದಾರಿ ಹುಡುಕುವುದು ಸಹಜವೇ.

ದಾರಿ ಹೊಸತೇನೂ ಅಲ್ಲ. ಪ್ರಮೇಹಿಗಳಲ್ಲಿ ಸ್ಥೂಲರು, ಕೃಶರು ಎಂಬ ಎರಡು ಬಗೆಯುಂಟೆಂದೂ ಇಬ್ಬರಿಗೂ ಚಿಕಿತ್ಸೆ ಬೇರೆಯೆಂದೂ ಚರಕಸಂಹಿತೆ ಹೇಳಿದೆ. ಪಾಶ್ಚಾತ್ಯರಲ್ಲಿ ಜಾನ್ ರೋಲೋ ಎಂಬ ಸೈನ್ಯದ ವೈದ್ಯ ಮಾಂಸಾಹಾರದ ಪಥ್ಯದಿಂದ ಮಧುಮೇಹಕ್ಕೆ ಚಿಕಿತ್ಸೆ ಮಾಡಿದ ವೃತ್ತಾಂತವನ್ನು 1797ರಲ್ಲಿ ಅಚ್ಚು ಹಾಕಿಸಿದ. ಲಂಡನ್ನಿನ ವಿಲಿಯಂ ಬ್ಯಾಂಟಿಂಗ್ ರೊಟ್ಟಿ, ಸಕ್ಕರೆ, ಆಲೂಗಡ್ಡೆ ಬಿಟ್ಟು ತೂಕ ಇಳಿಸಿಕೊಂಡ ಕಥೆಯನ್ನು 1863ರಲ್ಲಿ ಕಿರುಹೊತ್ತಗೆಯಾಗಿ ಹಂಚಿದ. ‘ಕೀಟೋಜೆನಿಕ್’ ಎಂಬ ಹೆಸರಿನ ಪಥ್ಯ ಮಾತ್ರ ಸಕ್ಕರೆ ಕಾಯಿಲೆಗೆಂದು ಹುಟ್ಟಿದ್ದಲ್ಲ, ಅಪಸ್ಮಾರಕ್ಕೆಂದು ಹುಟ್ಟಿದ್ದು. ಉಪವಾಸವಿದ್ದಾಗ ಮೂರ್ಛೆ ಕಡಿಮೆಯಾಗುವುದನ್ನು ಕಂಡ ವೈದ್ಯರ ಪೈಕಿ ಅಮೆರಿಕದ ಮೇಯೋ ಕ್ಲಿನಿಕ್ಕಿನ ರಸೆಲ್ ವೈಲ್ಡರ್, ಉಪವಾಸವಿಲ್ಲದೆಯೇ ಅದೇ ಸ್ಥಿತಿಯನ್ನು ತರಲು ಕೊಬ್ಬು ಹೆಚ್ಚು, ಪಿಷ್ಟ ತೀರಾ ಕಡಿಮೆ ಇರುವ ಊಟವನ್ನು 1921ರಲ್ಲಿ ಸೂಚಿಸಿದರು. ಮರುವರ್ಷ ಜನವರಿಯಲ್ಲಿ ಟೊರಾಂಟೋದಲ್ಲಿ ಹದಿನಾಲ್ಕರ ಹುಡುಗನೊಬ್ಬನಿಗೆ ಮೊತ್ತಮೊದಲ ಇನ್ಸುಲಿನ್ ಚುಚ್ಚಲಾಯಿತು. ಅದನ್ನು ಕಂಡುಹಿಡಿದವರಲ್ಲಿ ಒಬ್ಬರ ಹೆಸರೂ ಬ್ಯಾಂಟಿಂಗ್ ಎಂಬುದು ಒಂದು ಮೋಜು.

ಇನ್ನು ಊರಿನ ಸಂಗತಿ. ಅಡಿಕೆ ತೋಟವಿರುವ, ವಯಸ್ಸು ಐವತ್ತೈದರ ಆಚೀಚೆಯ ಒಬ್ಬ ಗೃಹಸ್ಥರನ್ನು ಕಲ್ಪಿಸಿಕೊಳ್ಳಬಹುದು. ಅಂಥವರು ಒಬ್ಬರಲ್ಲ, ಗ್ರಾಮಕ್ಕೆ ಹತ್ತು ಜನ ಸಿಕ್ಕಾರು. ತೂಕ 84 ಕಿಲೋ, ಸಕ್ಕರೆಗೆ ದಿನಕ್ಕೆ ಎರಡು ಬಗೆಯ ಮಾತ್ರೆ. ನೆಂಟರ ಮದುವೆಯಲ್ಲಿ ಯಾರೋ ಹೇಳಿದರೆಂದು ಮರುದಿನವೇ ಅನ್ನ, ದೋಸೆ, ಬಾಳೆಹಣ್ಣು ಎಲ್ಲ ಬಂದ್. ಒಂದೇ ವಾರದಲ್ಲಿ ಮೂರು ಕಿಲೋ ಇಳಿದು ಅವರ ಖುಷಿಗೆ ಪಾರವಿಲ್ಲ. ಮೂರನೆಯ ವಾರಕ್ಕೆ ತಕ್ಕಡಿಯ ಮುಳ್ಳು ನಿಂತಲ್ಲೇ ನಿಂತಿತು. ಮಧ್ಯಾಹ್ನ ಊಟದ ಬಳಿಕ 115 ತೋರಿಸುವ ಸಕ್ಕರೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ 138.

‘ಇದೆಂಥದು ಮಾರಾಯ್ರೇ? ರಾತ್ರಿ ನೀವು ತಿಂದದ್ದು ಒಂದು ಬಟ್ಟಲು ಬಸಳೆ. ಬೆಳಿಗ್ಗೆ ಇಷ್ಟು ಸಕ್ಕರೆ ಎಲ್ಲಿಂದ ಬಂತು?’ ಎಂದು ಮನೆಯಾಕೆ ಕೇಳುತ್ತಾರೆ.

‘ಯಂತ್ರ ಕೆಟ್ಟಿರಬೇಕು’ ಎನ್ನುತ್ತಾರೆ ಯಜಮಾನರು.

ಯಂತ್ರ ಕೆಟ್ಟಿಲ್ಲ. ಆ ಸಕ್ಕರೆ ಬಂದದ್ದು ಅವರ ಪಿತ್ತಜನಕಾಂಗದಿಂದ, ಅಂದರೆ ಲಿವರಿನಿಂದ. ಮಿದುಳಿಗೆ ದಿನಕ್ಕೆ ಸುಮಾರು 120 ಗ್ರಾಂ ಗ್ಲೂಕೋಸು ಬೇಕು. ಊಟದಿಂದ ಬಾರದಿದ್ದರೆ ಲಿವರು ಮುಖ್ಯವಾಗಿ ಪ್ರೋಟೀನಿನಿಂದ, ಸ್ವಲ್ಪ ಕೊಬ್ಬಿನ ಭಾಗದಿಂದಲೂ ಅದನ್ನು ತಯಾರಿಸುತ್ತದೆ. ಜತೆಗೆ ಕೊಬ್ಬನ್ನು ಕರಗಿಸಿ ಕೀಟೋನುಗಳನ್ನೂ ಮಾಡಿಕೊಡುತ್ತದೆ. ದೀರ್ಘ ಉಪವಾಸದಲ್ಲಿ ಮಿದುಳಿನ ಇಂಧನದ ಹೆಚ್ಚಿನ ಪಾಲು ಈ ಕೀಟೋನುಗಳೇ ಎಂದು ಜಾರ್ಜ್ ಕ್ಯಾಹಿಲ್ ಮತ್ತು ಸಂಗಡಿಗರು 1967ರಲ್ಲಿ ತೋರಿಸಿದರು. ಬೆಳಗಿನ ಜಾವ, ಎಚ್ಚರವಾಗುವ ಮೊದಲೇ, ದೇಹದಲ್ಲಿ ಕಾರ್ಟಿಸೋಲ್ ಮುಂತಾದ ರಸಗಳು ಏರುತ್ತವೆ. ಆಗ ಲಿವರು ಇನ್ನಷ್ಟು ಸಕ್ಕರೆಯನ್ನು ರಕ್ತಕ್ಕೆ ಬಿಡುತ್ತದೆ. ಆರೋಗ್ಯವಂತರಲ್ಲಿ ಮೇದೋಜೀರಕ ಗ್ರಂಥಿ ಸ್ವಲ್ಪ ಹೆಚ್ಚು ಇನ್ಸುಲಿನ್ ಬಿಟ್ಟು ಅದನ್ನು ಸರಿದೂಗಿಸುತ್ತದೆ. ಮಧುಮೇಹಿಗಳಲ್ಲಿ ಅಷ್ಟು ಚುರುಕಿಲ್ಲ. ಸಾಲದ್ದಕ್ಕೆ, ವಾರಗಟ್ಟಲೆ ಪಿಷ್ಟವಿಲ್ಲದೆ ಕೊಬ್ಬನ್ನೇ ಉರಿಸಿ ರೂಢಿಯಾದ ಸ್ನಾಯುಗಳು ಗ್ಲೂಕೋಸನ್ನು ಬೇಗ ಎತ್ತಿಕೊಳ್ಳುವುದಿಲ್ಲ. ಆದುದರಿಂದ ಬೆಳಗಿನ ಒಂದು ಅಂಕಿಯನ್ನು ನೋಡಿ ಪಥ್ಯ ಸೋತಿತೆಂದು ಕೈಬಿಡುವುದೂ ತಪ್ಪು, ರಾತ್ರಿಯ ಊಟವನ್ನೇ ನಿಲ್ಲಿಸುವುದೂ ತಪ್ಪು. ಸುಮಾರು ಮೂರು ತಿಂಗಳ ಸರಾಸರಿಯನ್ನು ತಿಳಿಸುವ ಎಚ್‌ಬಿಎ1ಸಿ ಪರೀಕ್ಷೆ ಇರುವುದು ಇದಕ್ಕಾಗಿಯೇ. ಗ್ಲೂಕೋಸು ಕುಡಿಸಿ ಮಾಡುವ ಪರೀಕ್ಷೆಗೆ ಹೋಗುವವರು ಮೊದಲಿನ ಮೂರು ದಿನ ದಿನಕ್ಕೆ 150 ಗ್ರಾಮಿನಷ್ಟಾದರೂ ಪಿಷ್ಟ ತಿಂದಿರಬೇಕು. ಇಲ್ಲವಾದರೆ ಇಲ್ಲದ ರೋಗವೂ ಇದ್ದಂತೆ ಕಂಡೀತು.

ಮೊದಲ ವಾರದ ಮೂರು ಕಿಲೋ? ಅದರಲ್ಲಿ ಬಹುಪಾಲು ನೀರು. ದೇಹ ಲಿವರಿನಲ್ಲಿ ಸುಮಾರು 100 ಗ್ರಾಂ, ಸ್ನಾಯುಗಳಲ್ಲಿ 400 ಗ್ರಾಮಿನಷ್ಟು ಪಿಷ್ಟವನ್ನು ಗ್ಲೈಕೋಜನ್ ರೂಪದಲ್ಲಿ ಕೂಡಿಟ್ಟಿರುತ್ತದೆ. ಪ್ರತಿ ಗ್ರಾಮಿನ ಜತೆ ಮೂರು ಗ್ರಾಮಿನಷ್ಟು ನೀರು. ಉಗ್ರಾಣ ಖಾಲಿಯಾದಾಗ ನೀರೂ ಹೋಗುತ್ತದೆ, ಉಪ್ಪೂ ಹೋಗುತ್ತದೆ. ತಲೆಸುತ್ತು, ಕಾಲಿನ ಸೆಳೆತ ಅದರಿಂದಲೇ. ಒಂದು ದಿನ ಪಾಯಸದೂಟ ಉಂಡರೆ ಮರುದಿನ ಒಂದೂವರೆ ಕಿಲೋ ಏರಿ ಕಾಣುವುದೂ ಅದರಿಂದಲೇ. ಅದು ಕೊಬ್ಬಲ್ಲ, ಗಾಬರಿಪಡಬೇಕಾದ್ದಿಲ್ಲ.

ಕೊಬ್ಬು ಕರಗುವುದಕ್ಕೆ ಬೇರೆಯೇ ಲೆಕ್ಕ. ಪಿಷ್ಟ ಬಿಟ್ಟೆನೆಂಬ ಧೈರ್ಯದಿಂದ ಕಾಫಿಗೆ ತುಪ್ಪ, ಸಂಜೆಗೆ ಒಂದು ಹಿಡಿ ಗೇರುಬೀಜ, ಪಲ್ಯಕ್ಕೆ ತೆಂಗಿನೆಣ್ಣೆಯ ಧಾರೆ ಎಂದಾದರೆ ತಕ್ಕಡಿ ಯಾಕೆ ಅಲುಗಾಡೀತು? ಒಂದು ದೊಡ್ಡ ಚಮಚ ಎಣ್ಣೆಯಲ್ಲಿ 120 ಕ್ಯಾಲೊರಿ ಇದೆ. ಗೇರುಬೀಜದ ತೂಕದಲ್ಲಿ ಮೂರನೆಯ ಒಂದು ಪಾಲಿನ ಹತ್ತಿರ ಪಿಷ್ಟವೇ. 1916ರಷ್ಟು ಹಿಂದೆಯೇ ತೆಂಗಿನ ಸಂಶೋಧನಾ ಕೇಂದ್ರ ಆರಂಭವಾದ ಕಾಸರಗೋಡಿನ ಸೀಮೆಯಲ್ಲಿ ತೆಂಗಿನೆಣ್ಣೆಯ ಮೇಲೆ ವಿಶೇಷ ಭರವಸೆ ಇರುವುದು ಸಹಜ. ಅಪಸ್ಮಾರದ ಪಥ್ಯದಲ್ಲಿ 1971ರಲ್ಲಿ ಬಳಕೆಗೆ ಬಂದ ಮಧ್ಯಮ ಸರಪಳಿಯ ಕೊಬ್ಬನ್ನು ತೆಂಗಿನೆಣ್ಣೆಯಿಂದಲೂ ಬೇರ್ಪಡಿಸುತ್ತಾರೆ ಎಂಬುದೂ ನಿಜ. ಆದರೆ ಗಾಣದ ಎಣ್ಣೆಯಲ್ಲಿ ಅರ್ಧದಷ್ಟು ಇರುವುದು ಲಾರಿಕ್ ಆಮ್ಲ. ಔಷಧಿಯಾಗಿ ಕೊಡುವ ಆ ಎಣ್ಣೆಯೂ ಇದೂ ಒಂದಲ್ಲ.

ಇಷ್ಟೆಲ್ಲ ಬರಿಯ ನಿರಾಶೆಯ ವಿಷಯ. ನಿಜವಾದ ಅಪಾಯವಿರುವುದು ಆ ಎರಡು ಬಗೆಯ ಮಾತ್ರೆಗಳಲ್ಲಿ. ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್ ಜಾತಿಯವು ಊಟ ಮಾಡಿದರೂ ಮಾಡದಿದ್ದರೂ ಇನ್ಸುಲಿನ್ ಹೊರಡಿಸುತ್ತವೆ. ಅನ್ನ ಬಿಟ್ಟವರು ಹಳೆಯ ಪ್ರಮಾಣದಲ್ಲೇ ಅದನ್ನು ನುಂಗಿ, ಉತ್ಸವದ ದಿನ ಮಹಾಪೂಜೆಯ ತನಕ ಉಪವಾಸವಿದ್ದು, ಬಿಸಿಲಿನಲ್ಲಿ ಚಪ್ಪರದ ಕೆಲಸಕ್ಕೂ ನಿಂತರೆ ಸಕ್ಕರೆ 60ಕ್ಕೂ ಕೆಳಗೆ ಜಾರೀತು. ಬೆವರು, ಕೈನಡುಕ, ಅಸಂಬದ್ಧ ಮಾತು, ಆಮೇಲೆ ಪ್ರಜ್ಞೆ ತಪ್ಪುವುದು. ನೋಡಿದವರು ದೇವರು ಮೈಮೇಲೆ ಬಂದಿತೆಂದೋ ಬಿಸಿಲಿನ ಝಳವೆಂದೋ ತಿಳಿದರೆ ಅಮೂಲ್ಯವಾದ ಹತ್ತು ನಿಮಿಷ ಹೋಯಿತು. ಎಚ್ಚರವಿದ್ದರೆ ಕೂಡಲೇ ಸಕ್ಕರೆ ನೀರು ಕುಡಿಸಬೇಕು. ಪ್ರಜ್ಞೆ ಇಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ಎರಡನೆಯದು ಡಾಪಾಗ್ಲಿಫ್ಲೋಝಿನ್, ಎಂಪಾಗ್ಲಿಫ್ಲೋಝಿನ್ ಗುಂಪು, ಮೂತ್ರದ ಮೂಲಕ ಸಕ್ಕರೆಯನ್ನು ಹೊರಹಾಕುವಂಥದು. ಕೀಟೋ ಪಥ್ಯದ ಜತೆ ಇದು ಸೇರಿದರೆ ಕೀಟೋನು ಮಿತಿಮೀರಿ ರಕ್ತ ಹುಳಿಯಾಗಬಹುದು, ಅದೂ ಯಂತ್ರದಲ್ಲಿ ಸಕ್ಕರೆ 200ರ ಒಳಗೆ ಕಾಣುತ್ತಿರುವಾಗಲೇ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2015ರಲ್ಲೇ ಈ ಗುಂಪಿನ ಬಗ್ಗೆ ಎಚ್ಚರಿಕೆ ಕೊಟ್ಟಿದೆ. ವಾಂತಿ, ಹೊಟ್ಟೆನೋವು, ಏದುಸಿರು ಕಂಡರೆ ‘ಸಕ್ಕರೆ ಸರಿ ಇದೆಯಲ್ಲ’ ಎಂದು ಮನೆಯಲ್ಲಿ ಕೂರುವಂತಿಲ್ಲ.

ಪಥ್ಯದಿಂದ ಪ್ರಯೋಜನವೇ ಇಲ್ಲವೆಂದಲ್ಲ. ಅಮೆರಿಕದ ಇಂಡಿಯಾನದಲ್ಲಿ 262 ಮಧುಮೇಹಿಗಳು ಈ ಪಥ್ಯಕ್ಕೆ ಸೇರಿದ ಅಧ್ಯಯನದ ಫಲಿತಾಂಶ 2018ರಲ್ಲಿ ಬಂತು. ವರ್ಷ ಪೂರೈಸಿದವರಲ್ಲಿ ಎಚ್‌ಬಿಎ1ಸಿ ಸರಾಸರಿ 7.6ರಿಂದ 6.3ಕ್ಕೆ ಇಳಿಯಿತು, ತೂಕ ಸುಮಾರು 14 ಕಿಲೋ ಕಡಿಮೆಯಾಯಿತು. ಆದರೆ ಅವರೆಲ್ಲ ತಾವಾಗಿ ಆರಿಸಿಕೊಂಡು ಬಂದವರು, ಮಾತ್ರೆಗಳನ್ನು ವೈದ್ಯರು ಬೆನ್ನಿಗೇ ಇದ್ದು ಇಳಿಸುತ್ತ ಬಂದರು. 2022ರಲ್ಲಿ ಸ್ಟ್ಯಾನ್‌ಫರ್ಡಿನವರು ಒಂದೇ ಗುಂಪಿಗೆ ಹನ್ನೆರಡು ವಾರ ಕೀಟೋ, ಹನ್ನೆರಡು ವಾರ ಬೇಳೆ, ಹಣ್ಣು, ಇಡಿಧಾನ್ಯಗಳಿರುವ ಊಟ ಕೊಟ್ಟು ನೋಡಿದಾಗ ಎಚ್‌ಬಿಎ1ಸಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಬರಲಿಲ್ಲ. ಕೀಟೋದಲ್ಲಿ ಕೆಟ್ಟ ಕೊಲೆಸ್ಟ್ರಾಲು ಮಾತ್ರ ಏರಿತು.

100 ಗ್ರಾಂ ಅಕ್ಕಿಯಲ್ಲಿ 78 ಗ್ರಾಮಿನಷ್ಟು ಪಿಷ್ಟವಿದೆ, ಕೀಟೋದ ಮಿತಿ ದಿನಕ್ಕೆ 20ರಿಂದ 50 ಗ್ರಾಂ. ಅನ್ನವೇ ಊಟವಾಗಿರುವ, ಅದರಲ್ಲೂ ಮೀನು ಮೊಟ್ಟೆ ಮುಟ್ಟದ ಮನೆಗಳಲ್ಲಿ ಇದನ್ನು ವರ್ಷಗಟ್ಟಲೆ ನಡೆಸುವುದು ಕಷ್ಟ. ಮೂತ್ರಪಿಂಡದ ತೊಂದರೆಯಿರುವವರು, ಗರ್ಭಿಣಿಯರು, ಚಿಕ್ಕಂದಿನಿಂದ ಇನ್ಸುಲಿನ್ ಚುಚ್ಚಿಕೊಳ್ಳುವವರು ತಾವಾಗಿ ಇದಕ್ಕೆ ಕೈಹಾಕಲೇಬಾರದು.

ಕಲ್ಪಿಸಿಕೊಂಡ ಆ ಗೃಹಸ್ಥರು ಎರಡು ಮಾತ್ರೆಯ ಚೀಟಿಯನ್ನೂ ಬೆಳಗಿನ ಅಂಕಿಗಳನ್ನೂ ಹಿಡಿದು ವೈದ್ಯರಲ್ಲಿಗೆ ಹೋದರೆನ್ನೋಣ. ಒಂದು ಮಾತ್ರೆ ಅರ್ಧವಾಗುತ್ತದೆ, ಇನ್ನೊಂದು ನಿಲ್ಲುತ್ತದೆ. ಪೂರ್ತಿ ಅನ್ನ ಬಿಡುವ ಬದಲು ಹೊತ್ತಿಗೆ ಒಂದು ಸೌಟು, ಅದರ ಎರಡು ಪಾಲು ಅಲಸಂಡೆ, ತೊಂಡೆಕಾಯಿ ಪಲ್ಯ, ಒಂದು ಬಟ್ಟಲು ಹೆಸರುಕಾಳು, ಸಂಜೆ ತೋಟದಲ್ಲಿ ಅರ್ಧ ಗಂಟೆ ನಡಿಗೆ ಎಂದು ತೀರ್ಮಾನವಾಗುತ್ತದೆ. ತಿಂಗಳಿಗೆ ಒಂದು ಕಿಲೋ ಇಳಿದರೆ ಹೆಚ್ಚು. ಸಂತರ್ಪಣೆಯ ದಿನ ಪಾಯಸ ಬಂದಾಗ ಪ್ರಸಾದವೆಂದು ಒಂದು ಚಮಚ ಹಾಕಿಸಿಕೊಳ್ಳುತ್ತಾರೆ. ಪಕ್ಕದಲ್ಲಿ ಕುಳಿತ ಮನೆಯಾಕೆ ಎರಡನೆಯ ಚಮಚಕ್ಕೆ ತಾವೇ ಅಂಗೈ ಅಡ್ಡ ಹಿಡಿಯುತ್ತಾರೆ.